ಕೊಳೆಯ ಹೊಣೆ, ನೀರಿನ ದಾರಿ
(ಊರಿಗಾಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕೋಲಾರ ಜಿಲ್ಲೆಯಲ್ಲಿ ನೀರಿನ ಮಾತು ತೆಗೆದರೆ ಅದು ಕೊರತೆಯಲ್ಲಿ ಶುರುವಾಗಿ ಕೊರತೆಯಲ್ಲೇ ಮುಗಿಯುತ್ತದೆ. ಎಷ್ಟು ಅಡಿ ಕೊರೆದರೂ ನೀರಿಲ್ಲ, ಸಿಕ್ಕ ನೀರಿನಲ್ಲಿ ಫ್ಲೋರೈಡು, ಟ್ಯಾಂಕರಿನ ಬೆಲೆ, ನದಿ ತಿರುವಿನ ಯೋಜನೆ: ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಂದು ನಾನು ಆ ದಾರಿ ಹಿಡಿಯುವುದಿಲ್ಲ. ಇರುವ ನೀರು ಹೇಗೆ ಕೆಡುತ್ತದೆ, ಕೆಡಿಸುವ ವಸ್ತುವನ್ನು ತಯಾರಿಸಿದವರ ಹೊಣೆ ಎಲ್ಲಿಂದ ಎಲ್ಲಿಯವರೆಗೆ, ಆ ನೀರು ಹರಿದುಹೋಗುವ ಚರಂಡಿ, ರಾಜಕಾಲುವೆ, ಕೆರೆಗಳನ್ನು ಹೇಗೆ ಕಟ್ಟಬೇಕು ಎಂಬುದಷ್ಟೇ ನನ್ನ ವ್ಯಾಪ್ತಿ. ಮೊದಲು ನಿಮ್ಮ ಕಿಟಕಿಯಿಂದ ಕಾಣುವ ಸೈನೈಡ್ ದಿಬ್ಬಗಳು. ಆಮೇಲೆ ಮನೆಯ ಬಚ್ಚಲಿನಿಂದ ಹೊರಡುವ ಬಟ್ಟೆಪುಡಿ, ಔಷಧಿ, ಎಣ್ಣೆ. ಆಮೇಲೆ ಇವೆರಡರ ನಡುವೆ ಗುಂಡಿಗೆ ಇಳಿದ ಮನುಷ್ಯರು. ಕೊನೆಗೆ ಮಳೆನೀರಿನ ದಾರಿ. ನಾನು ಹೇಳಬೇಕೆಂದಿರುವುದು ಇಷ್ಟು: ಕೊಳೆಯ ಹೊಣೆಯನ್ನು ಲಾಭ ಬರುತ್ತಿರುವ ದಿನಗಳಲ್ಲೇ ಬರೆಸಿಕೊಳ್ಳದಿದ್ದರೆ, ಆಮೇಲೆ ಎಂಥ ಚರಂಡಿ ಕಟ್ಟಿದರೂ ಅದು ತಡವಾದ ಕೆಲಸ.

ನೆಲದ ಇಳಿಜಾರಿನಿಂದಲೇ ಶುರು ಮಾಡೋಣ. ಚಿಕ್ಕಬಳ್ಳಾಪುರ ಜಿಲ್ಲೆಯ ತಲಗವಾರದ ಬಳಿ ಹುಟ್ಟುವ ಪಾಲಾರ್, ಕೋಲಾರ ಸೀಮೆಯ ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತ ಬೇತಮಂಗಲಕ್ಕೆ ಬಂದು, ರಾಮಸಾಗರ ದಾಟಿ, ಆಂಧ್ರದ ಕುಪ್ಪಂ ಹಾಯ್ದು, ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ವೇಲೂರುಗಳ ಮೂಲಕ ಸಮುದ್ರ ಸೇರುತ್ತದೆ. ಒಟ್ಟು 348 ಕಿಲೋಮೀಟರಿನಲ್ಲಿ ನಮ್ಮ ರಾಜ್ಯದ ಪಾಲು 93. ನಾವು ಕುಳಿತಿರುವ ಈ ಕೋಲಾರ ಚಿನ್ನದ ಗಣಿ ಪಟ್ಟಣದ, ಅಂದರೆ ಕೆಜಿಎಫ್‌ನ, ಪೂರ್ವದ ಇಳಿಜಾರಿನ ನೀರು ಈ ಪಾಲಾರಿನತ್ತ ಸಾಗುತ್ತದೆ. ಬಂಗಾರಪೇಟೆಯ ಕಡೆ ಬೂದಿಕೋಟೆಯ ಸುತ್ತಲ ನೀರು ಮಾರ್ಕಂಡೇಯ ನದಿಗೆ ಸೇರಿ ದಕ್ಷಿಣ ಪೆನ್ನಾರಿನ ಪಾಲಾಗುತ್ತದೆ. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟೆ ಕೋಲಾರ, ಬಂಗಾರಪೇಟೆ, ಮಾಲೂರುಗಳಿಗೆ ಕುಡಿಯುವ ನೀರು ಕೊಡುವುದು ಈ ಮಾರ್ಕಂಡೇಯದಿಂದಲೇ. ಅಂದರೆ ನಮ್ಮ ಮೋರಿಗಳ ಕೆಳಗೆ ಯಾರದೋ ಕುಡಿಯುವ ನೀರು ಇದೆ. ಒಂದು ಕಡೆ ಅದು ನಮ್ಮದೇ.

ಗಣಿಯವರಿಗೆ ನೀರು ತರುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಇಲ್ಲಿ ಬೆಳೆದ ಪಟ್ಟಣಕ್ಕೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೇತಮಂಗಲದ ಕೆರೆಯಿಂದ ಪಂಪು ಮಾಡಿದ ನೀರು ಬಂತು. ಆ ಕೆರೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅದು ಒಡೆದಾಗ ನೊಳಂಬ ಅರಸ ಇರಿವ ನೊಳಂಬ ದುರಸ್ತಿ ಮಾಡಿಸಿದನೆಂದು ಶಾಸನ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ವಿದ್ಯುತ್ತನ್ನೂ ತಂದರು. ಇಷ್ಟು ದೂರದಿಂದ ಬೇಕಾದ್ದನ್ನು ತರಿಸಿಕೊಳ್ಳಬಲ್ಲವರು ಬೇಡವಾದದ್ದನ್ನು ಎಲ್ಲಿ ಇಟ್ಟರು? ಬಳಸಿದ ನೀರು ಇಳಿಜಾರು ಹಿಡಿದು ಹೋಯಿತು, ಅದಕ್ಕೆ ಪಂಪೂ ಬೇಕಾಗಲಿಲ್ಲ, ಲೆಕ್ಕದ ಪುಸ್ತಕವೂ ಬೇಕಾಗಲಿಲ್ಲ. ರುಬ್ಬಿದ ಕಲ್ಲಿನ ರಾಡಿ ಮಾತ್ರ ಇಲ್ಲೇ ಗುಡ್ಡವಾಗಿ ನಿಂತಿತು.

ಈಗ ಮೊದಲನೆಯ ವಿಷಯ, ಆ ಗುಡ್ಡಗಳು. ಗಣಿಯಿಂದ ಮೇಲೆ ಬಂದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ, ಪಾದರಸ ಸವರಿದ ತಟ್ಟೆಗಳ ಮೇಲೆ ಹರಿಸಿ, ಉಳಿದದ್ದನ್ನು ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನ ಕರಗಿಸಿಕೊಳ್ಳುವುದು ಇಲ್ಲಿನ ಕ್ರಮವಾಗಿತ್ತು. ಸೈನೈಡ್ ವಿಧಾನ 1887ರಲ್ಲಿ ಗ್ಲಾಸ್ಗೋದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಕಂಡುಹಿಡಿದದ್ದು. ಕೆಲವೇ ವರ್ಷಗಳಲ್ಲಿ ಕೋಲಾರಕ್ಕೂ ಬಂತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಹೋಯಿತು. ಉಳಿದದ್ದು 13 ದಿಬ್ಬಗಳು, 1,003 ಎಕರೆಗೂ ಮಿಕ್ಕ ನೆಲ, ಸುಮಾರು 3.3 ಕೋಟಿ ಟನ್ ನುಣ್ಣನೆಯ ಮರಳು. ಸಿನಿಮಾದವರಿಗೆ ಈ ದಿಬ್ಬಗಳು ಒಳ್ಳೆಯ ಹಿನ್ನೆಲೆ. ಆಷಾಢದ ಗಾಳಿಗೆ ಎದುರಾಗಿ ಮನೆ ಇರುವವರಿಗೆ ಅವು ಬೇರೆಯೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಹೆಸರು ಸೈನೈಡ್ ದಿಬ್ಬವಾದರೂ ಅದರೊಳಗೆ ಸೈನೈಡ್ ಹಾಗೆಯೇ ಕುಳಿತಿದೆ ಎಂದೇನಲ್ಲ. ಬಯಲಿನ ಬಿಸಿಲು ಗಾಳಿಗೆ ಅದು ಕಾಲಕ್ರಮದಲ್ಲಿ ಒಡೆಯುತ್ತ ಹೋಗುತ್ತದೆ. ಒಡೆಯದೆ ಉಳಿಯುವುವು ಬೇರೆ: ಶ್ವಾಸಕೋಶಕ್ಕೆ ಇಳಿಯುವ ಸಿಲಿಕಾ ಧೂಳು, ಗಂಧಕ ಬೆರೆತ ಖನಿಜಗಳು, ಅವುಗಳ ಜೊತೆಗೇ ಇರುವ ಆರ್ಸೆನಿಕ್‌ನಂಥ ಧಾತುಗಳು. ಕಲ್ಲಾಗಿದ್ದಾಗ ಇವು ಸಾವಿರಾರು ಅಡಿ ಆಳದಲ್ಲಿ ಗಾಳಿ ತಾಗದೆ ಇದ್ದವು. ಹಿಟ್ಟು ಮಾಡಿ ಮೇಲೆ ಸುರಿದಾಗ ಪ್ರತಿ ಕಣಕ್ಕೂ ಗಾಳಿ ಮಳೆ ತಾಗತೊಡಗಿತು. ಪ್ರತಿ ಮಳೆಗೂ ದಿಬ್ಬದ ಮೈ ಕೊರೆದು ಬಿಳಿ ಕೊರಕಲುಗಳು ಬೀಳುತ್ತವೆ, ಆ ಮರಳು ಕಾಲುವೆಯ ತಳಕ್ಕೆ ಇಳಿಯುತ್ತದೆ. ವಿಷದ ಮಾತು ಹಾಗಿರಲಿ, ಬರೀ ಹೂಳಿನ ಲೆಕ್ಕದಲ್ಲೇ ಅದು ಕಾಲುವೆಗೆ ಶತ್ರು.

ಹೊಣೆಯ ಪ್ರಶ್ನೆಗೆ ಬರೋಣ. ಕಂಪನಿ ಹೋಗಿ 1956ರಲ್ಲಿ ಮೈಸೂರು ಸರ್ಕಾರ ಬಂತು. 1962ರಲ್ಲಿ ಕೇಂದ್ರ ಸರ್ಕಾರ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ನೀವೆಲ್ಲ ಹೇಳುವಂತೆ ಬಿಜಿಎಂಎಲ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ಮುಚ್ಚುವ ಮೊದಲೇ ಮುಚ್ಚುವ ಯೋಜನೆ ಸಲ್ಲಿಸಬೇಕು, ಅದಕ್ಕೆ ಹಣಕಾಸಿನ ಖಾತರಿ ಕೊಡಬೇಕು ಎಂಬ ನಿಯಮ ನಮ್ಮ ಖನಿಜ ಸಂರಕ್ಷಣಾ ನಿಯಮಗಳಲ್ಲಿ ಸೇರಿದ್ದು 2003ರ ಏಪ್ರಿಲಿನಲ್ಲಿ. ಎರಡು ವರ್ಷದ ಅಂತರ! ದೇಶದ ಅತ್ಯಂತ ಹಳೆಯ, ಅತ್ಯಂತ ಆಳದ ಗಣಿಗಳಲ್ಲಿ ಒಂದು ಆ ಎರಡು ವರ್ಷದ ಸಂದಿಯಲ್ಲಿ ಜಾರಿಹೋಯಿತು. ಬಂದ ನಿಯಮವಾದರೂ ದೊಡ್ಡ ಗಣಿಗೆ ಹೆಕ್ಟೇರಿಗೆ 25,000 ರೂಪಾಯಿ ಖಾತರಿ ಕೇಳುತ್ತಿತ್ತು. ಅಷ್ಟು ಹಣಕ್ಕೆ ಒಂದು ಹೆಕ್ಟೇರು ದಿಬ್ಬಕ್ಕೆ ಹುಲ್ಲು ಹಿಡಿಸುವುದೂ ಕಷ್ಟ. ಗಣಿಯ ಲಾಭದಲ್ಲಿ ಪಾಲು ಪಡೆದವರು ಲಂಡನ್ನಿನಲ್ಲೂ ಇದ್ದರು, ಬೆಂಗಳೂರಿನಲ್ಲೂ ದೆಹಲಿಯಲ್ಲೂ ಇದ್ದರು. ದಿಬ್ಬದ ಬುಡಕ್ಕೊಂದು ಕಾಲುವೆ ತೋಡಿಸಿ ಎಂದು ಕೇಳಲು ಹೋದರೆ ಇಂದು ಅರ್ಜಿ ಯಾರ ಹೆಸರಿಗೆ ಬರೆಯಬೇಕು ಎಂಬುದೇ ಮೊದಲ ತೊಡಕು.

ಇದೇ ಪಾಲಾರಿನ ಕೆಳಹರಿವಿನಲ್ಲಿ ಇನ್ನೊಂದು ಕಥೆ ನಡೆಯಿತು. ಅದು ಇಡೀ ದೇಶದ ಕಾನೂನನ್ನು ಬದಲಿಸಿದ ಕಥೆಯಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಚರ್ಮ ಹದಮಾಡುವ ಕಾರ್ಖಾನೆಗಳು ತಮ್ಮ ನೀರನ್ನು ಹೊಲಗಳಿಗೆ, ಹೊಳೆಗೆ ಬಿಡುತ್ತಿದ್ದವು. ವೇಲೂರಿನ ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಮೀಕ್ಷೆಯಂತೆ ಆ ಸೀಮೆಯಲ್ಲಿ ಸುಮಾರು 35,000 ಹೆಕ್ಟೇರು ಕೃಷಿಭೂಮಿ ಭಾಗಶಃ ಅಥವಾ ಪೂರ್ತಿ ಬೇಸಾಯಕ್ಕೆ ಬಾರದಂತಾಗಿತ್ತು. 1996ರ ಆಗಸ್ಟ್ 28ರಂದು ಬಂದ ತೀರ್ಪು, ಕೆಡಿಸಿದವರೇ ತೆರಬೇಕು ಎಂಬ ತತ್ವ ನಮ್ಮ ನೆಲದ ಕಾನೂನಿನ ಭಾಗ ಎಂದು ಸಾರಿತು. ತೆರಬೇಕಾದದ್ದು ನೊಂದವರಿಗೆ ಪರಿಹಾರ ಮಾತ್ರವಲ್ಲ, ಕೆಟ್ಟ ನೆಲ ನೀರನ್ನು ಮೊದಲಿನ ಸ್ಥಿತಿಗೆ ತರುವ ಖರ್ಚೂ ಹೌದು ಎಂದಿತು. ಹೀಗಿದ್ದೂ 2025ರ ಜನವರಿಯಲ್ಲಿ ಅದೇ ಪಾಲಾರಿನ, ಅದೇ ಚರ್ಮೋದ್ಯಮದ ಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟ್ ಮತ್ತೊಮ್ಮೆ ತೀರ್ಪು ಕೊಡಬೇಕಾಯಿತು. ಇದರಿಂದ ನನಗೆ ತೋಚುವುದು, ಕೆಡಿಸಿದ ಮೇಲೆ ವಸೂಲಿ ಮಾಡುವ ಹಾದಿ ಬಹಳ ಉದ್ದ. ಕೆಡಿಸುವ ಮೊದಲೇ ಹೊಣೆ ಹೊರಿಸುವ ಹಾದಿ ಬೇಕು.

ಅಂಥ ಹಾದಿ ಇದೆ, ಅದು ನನ್ನ ಎರಡನೆಯ ವಿಷಯ. ಒಂದು ವಸ್ತುವನ್ನು ತಯಾರಿಸಿ ಮಾರುಕಟ್ಟೆಗೆ ಬಿಟ್ಟವರು, ಅದು ಬಳಕೆಯಾಗಿ ಕಸವಾದ ಮೇಲೂ ಅದಕ್ಕೆ ಜವಾಬ್ದಾರರು. ತಯಾರಕರ ವಿಸ್ತೃತ ಹೊಣೆ ಎಂದು ಕಾನೂನು ಇದನ್ನು ಕರೆಯುತ್ತದೆ. ಭಾರತದಲ್ಲಿ ಪ್ಲಾಸ್ಟಿಕ್ ಪೊಟ್ಟಣಗಳಿಗೆ 2022ರ ಫೆಬ್ರವರಿಯಲ್ಲಿ ಇದರ ವಿವರವಾದ ಮಾರ್ಗಸೂಚಿ ಬಂತು. ಅದೇ ವರ್ಷ ಬ್ಯಾಟರಿಗೂ, ಇ-ಕಸಕ್ಕೂ ಹೊಸ ನಿಯಮ ಬಂತು. ಬಳಸಿದ ಎಂಜಿನ್ ಎಣ್ಣೆಗೆ 2024ರ ಏಪ್ರಿಲ್‌ನಿಂದ ಅನ್ವಯವಾಯಿತು. ಇದು ಚಿಕ್ಕ ವಿಷಯವಲ್ಲ. ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಒಂದು ಗ್ಯಾರೇಜಿನ ಮುಂದಿನ ಮೋರಿ ನೋಡಿ. ಕಪ್ಪು ಎಣ್ಣೆಯ ಪೊರೆ ಇದ್ದರೆ, ಅದನ್ನು ವಾಪಸು ಸಂಗ್ರಹಿಸುವ ಹೊಣೆ ಈಗ ಎಣ್ಣೆ ತಯಾರಿಸಿದವರ ಮೇಲೂ ಇದೆ. ಮೆಕ್ಯಾನಿಕ್‌ನನ್ನು ಬೈದು ಪ್ರಯೋಜನವಿಲ್ಲ, ಹಳೆಯ ಎಣ್ಣೆಯನ್ನು ಯಾರಿಗೆ ಕೊಡಬೇಕು ಎಂದು ಅವನಿಗೆ ಯಾರೂ ತಿಳಿಸಿರುವುದಿಲ್ಲ.

ಆದರೆ ಒಂದು ವಿಚಿತ್ರ ಗಮನಿಸಿ. ಒಂದು ಬಟ್ಟೆಪುಡಿಯ ಪೊಟ್ಟಣ ತೆಗೆದುಕೊಳ್ಳಿ. ಪೊಟ್ಟಣಕ್ಕೆ ತಯಾರಕರು ಹೊಣೆ. ಒಳಗಿನ ಪುಡಿಗೆ? ಬಕೆಟ್ಟಿನಿಂದ ಬಚ್ಚಲಿಗೆ ಬಿದ್ದೊಡನೆ ಅದು ನಗರಸಭೆಯ ಪಾಲು. ಬಟ್ಟೆಪುಡಿಯಲ್ಲಿ ಎರಡು ಬಗೆಯ ತೊಂದರೆ ಇದೆ. ನೊರೆ ಬರಿಸುವ ರಾಸಾಯನಿಕ ಒಂದು. ಗಡಸು ನೀರನ್ನು ಮೆದು ಮಾಡಲು ಹಾಕುವ ಫಾಸ್ಫೇಟ್ ಇನ್ನೊಂದು. ಫಾಸ್ಫೇಟ್ ಕೆರೆಗೆ ಗೊಬ್ಬರವಾಗಿ ಪಾಚಿ, ಅಂತರಗಂಗೆ ಬೆಳೆಸುತ್ತದೆ. ನಮ್ಮದು ಗಡಸು ನೀರಿನ ಸೀಮೆ, ಬೋರ್‌ವೆಲ್ ನೀರಿಗೆ ಪುಡಿ ಹೆಚ್ಚೇ ಬೇಕು.

ಕೋಲಾರದವರು ಇದನ್ನು ಪುಸ್ತಕದಲ್ಲಿ ಓದಿ ಕಲಿಯಬೇಕಿಲ್ಲ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಕೆರೆಯಿಂದ ಕೆರೆಗೆ ಹರಿಸುವ ದೊಡ್ಡ ಯೋಜನೆ ಅದು. ಆ ಜುಲೈಯಲ್ಲಿ ನೊರೆಯೂ ಜೊತೆಗೆ ಬಂತು. ಹೈಕೋರ್ಟ್ ತಡೆ ಕೊಟ್ಟಿತು, ತೆರವು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡನೆಯ ಹಂತದ ಸಂಸ್ಕರಣೆ ಸಾಕೋ ಮೂರನೆಯದೂ ಬೇಕೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಒಣಗಿದ ಕೆರೆಗೆ ನೀರು ಬಂದದ್ದು ದೊಡ್ಡ ಉಪಕಾರ ಎಂಬ ರೈತರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಮೂರನೆಯ ಹಂತ ಬೇಕು ಎನ್ನುವವರ ಪರವೂ ಇದ್ದೇನೆ. ನನ್ನ ಪ್ರಶ್ನೆ ಇಷ್ಟೇ: ಇಡೀ ಜಗಳದಲ್ಲಿ ಸರ್ಕಾರ ಇತ್ತು, ಜಲಮಂಡಳಿ ಇತ್ತು, ರೈತರಿದ್ದರು, ನ್ಯಾಯಾಲಯ ಇತ್ತು. ನೊರೆ ತಯಾರಿಸಿದವರು ಯಾಕೆ ಇರಲಿಲ್ಲ?

ಬೇರೆ ದೇಶಗಳಲ್ಲಿ ಅವರನ್ನು ಕರೆದಿದ್ದಾರೆ. ಅಮೆರಿಕದ ಈರೀ ಸರೋವರ ಪಾಚಿಗಟ್ಟಿದ ಕಾಲದಲ್ಲಿ, 1970ರ ದಶಕದಲ್ಲಿ, ಅಲ್ಲಿನ ರಾಜ್ಯಗಳು ಬಟ್ಟೆಪುಡಿಯ ಫಾಸ್ಫೇಟಿಗೆ ಕಡಿವಾಣ ಹಾಕತೊಡಗಿದವು. ಯುರೋಪಿನ ಒಕ್ಕೂಟ 2013ರ ಜೂನ್ ಕೊನೆಯಿಂದ ಮನೆಬಳಕೆಯ ಪುಡಿಗೆ ಮಿತಿ ಹಾಕಿತು. ತಯಾರಕರು ಜಿಯೋಲೈಟ್ ಮುಂತಾದ ಬದಲಿಗಳಿಗೆ ಹೋದರು. ಬಟ್ಟೆ ಕೊಳೆಯಾಗಿ ಉಳಿಯಲಿಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಹೊಸ ತ್ಯಾಜ್ಯನೀರಿನ ನಿರ್ದೇಶನ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿದೆ. ಔಷಧಿ ಮತ್ತು ಸೌಂದರ್ಯವರ್ಧಕಗಳ ಉಳಿಕೆಯನ್ನು ನೀರಿನಿಂದ ತೆಗೆಯಲು ಬೇಕಾದ ನಾಲ್ಕನೆಯ ಹಂತದ ಸಂಸ್ಕರಣೆಯ ಖರ್ಚಿನಲ್ಲಿ ಕನಿಷ್ಠ ಶೇ. 80ನ್ನು ಆ ತಯಾರಕರೇ ಕೊಡಬೇಕು. ಔಷಧ ಕಂಪನಿಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿವೆ, ಬೆಲೆ ಏರುತ್ತದೆ ಎನ್ನುತ್ತವೆ. ಬೆಲೆ ಏರಬಹುದು. ಈಗಲೂ ಆ ಬೆಲೆಯನ್ನು ಯಾರೋ ತೆರುತ್ತಲೇ ಇದ್ದಾರೆ, ರಸೀದಿ ಇಲ್ಲದೆ.

ನಮ್ಮಲ್ಲಿ ಸಣ್ಣ ಉದ್ಯಮಗಳ ಪ್ರಶ್ನೆ ಬೇರೆ. ಬಂಗಾರಪೇಟೆಯ ಅಕ್ಕಿ ಗಿರಣಿಗಳನ್ನೇ ನೆನೆಯಿರಿ. ಕುಸುಬಲಕ್ಕಿ ಮಾಡುವಲ್ಲಿ ಭತ್ತ ನೆನೆಸಿದ ನೀರು ಹುಳಿತು ನಾರುತ್ತದೆ, ಹೊಳೆಯ ಆಮ್ಲಜನಕ ಹೀರುತ್ತದೆ. ಆದರೆ ಅದು ವಿಷವಲ್ಲ, ಸಂಸ್ಕರಿಸಬಲ್ಲದ್ದು. ಒಬ್ಬೊಬ್ಬರೂ ಒಂದೊಂದು ಘಟಕ ಕಟ್ಟಿ ಎಂದರೆ ಅದು ಗೇಟಿನ ಬಳಿ ಪ್ರದರ್ಶನಕ್ಕೆ ನಿಲ್ಲುತ್ತದೆ. ಹತ್ತಿರದ ಗಿರಣಿಗಳು ಕೂಡಿ ಒಂದು ಘಟಕ ನಡೆಸುವುದು ಸಾಧ್ಯ. ಪಾನಿಪುರಿಯ ನೀರನ್ನೂ ಕನ್ನಡಿಯಂತೆ ತಿಳಿಯಾಗಿಸಿ ಹೆಸರು ಮಾಡಿದ ಊರು ಬಂಗಾರಪೇಟೆ. ಗಿರಣಿಯ ನೀರಿಗೆ ಕೈಲಾಗದು ಎಂದು ನಾನು ಒಪ್ಪುವುದಿಲ್ಲ.

ಮೂರನೆಯ ವಿಷಯಕ್ಕೆ ಬರುತ್ತೇನೆ. ಇದು ಈ ಊರಿನಲ್ಲಿ ಹೇಳದೆ ಬಿಡಬಾರದ್ದು. ಕಾರ್ಖಾನೆಯೂ ಹೊಣೆ ಹೊರದೆ, ಚರಂಡಿಯೂ ಸರಿ ಇಲ್ಲದಿದ್ದಾಗ ನಡುವಿನ ಜಾಗವನ್ನು ಯಾರು ತುಂಬುತ್ತಾರೆ? ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ದಶಕಗಟ್ಟಲೆ ಸಾಮೂಹಿಕ ಒಣ ಪಾಯಿಖಾನೆಗಳಿದ್ದವು. ಅವುಗಳನ್ನು ಕೈಯಿಂದ ಬಳಿದು ಹೊತ್ತವರು ದಲಿತ ಕುಟುಂಬಗಳವರು. 1966ರಲ್ಲಿ ಇಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಂಥ ಮನೆಯಿಂದ ಬಂದವರು. ಶಿವನಸಮುದ್ರದಿಂದ ಬಂದ ವಿದ್ಯುತ್ತು, ಬೇತಮಂಗಲದ ಪಂಪಿನ ನೀರು ಇದ್ದ ಊರಿನಲ್ಲಿ ಮಲ ಹೊರುವ ಬಕೆಟ್ಟು ಯಾಕೆ ಇತ್ತು ಎಂಬ ಪ್ರಶ್ನೆಗೆ ತಂತ್ರಜ್ಞಾನ ಇರಲಿಲ್ಲ ಎಂಬ ಉತ್ತರ ನಿಲ್ಲುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾನೂನು ಬಂದ 1993ರಲ್ಲೂ ಆ ಪಾಯಿಖಾನೆಗಳು ಇಲ್ಲಿ ಇದ್ದವು. ವಿಲ್ಸನ್ ಅವುಗಳ ಫೋಟೋ ತೆಗೆದು ದೆಹಲಿಗೆ ಕಳಿಸಿ, ಪತ್ರಿಕೆಗಳಲ್ಲಿ ಸುದ್ದಿಯಾಗಿ, ಆಮೇಲೆ ಆಡಳಿತ ಕದಲಿತು. ಅವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಗಿ, 2014ರ ಮಾರ್ಚಿನಲ್ಲಿ ಮಹತ್ವದ ತೀರ್ಪು ಪಡೆಯಿತು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಎಂದಿದ್ದ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಚರಂಡಿಯ ನಕಾಶೆ ಬರೆಯುವ ಎಂಜಿನಿಯರ್ ವಿದ್ಯಾರ್ಥಿಗಳು ಇಲ್ಲಿ ಇದ್ದೀರಿ. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯದೆ ಯಂತ್ರದಿಂದ ತೆಗೆಯಬಹುದಾದಷ್ಟೇ ಹೂಳು ಬೀಳುವಂತೆ ವಿನ್ಯಾಸ ಇದೆಯೇ ಎಂಬುದು ನಿಮ್ಮ ಮೊದಲ ಪರೀಕ್ಷೆಯಾಗಲಿ. ಮಳೆನೀರನ್ನೂ ಮಲಿನನೀರನ್ನೂ ಒಂದೇ ಕೊಳವೆಗೆ ಸೇರಿಸಿದರೆ ಮಳೆಗಾಲದಲ್ಲಿ ಅದು ಮರಳಿನಿಂದ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಯಾರನ್ನಾದರೂ ಇಳಿಸುತ್ತಾರೆ.

ಕೊನೆಯ ವಿಷಯ, ಮಳೆನೀರಿನ ದಾರಿ. ನಮ್ಮಲ್ಲಿ ಚರಂಡಿ ಎಂದರೆ ಬಿದ್ದ ನೀರನ್ನು ಆದಷ್ಟು ಬೇಗ ಕಣ್ಣಿಗೆ ಕಾಣದಂತೆ ಸಾಗಿಸುವ ಕಾಂಕ್ರೀಟ್ ತೊಟ್ಟಿ. ಸುಸ್ಥಿರ ಚರಂಡಿ ಎಂದು ಈಗ ಜಗತ್ತು ಕರೆಯುತ್ತಿರುವ ಕ್ರಮ ಇದಕ್ಕೆ ತಿರುಗುಮುರುಗು: ನೀರನ್ನು ತಡೆದು, ನಿಧಾನಿಸಿ, ಹೂಳು ಇಳಿಸಿ, ಗಿಡ ಜೊಂಡಿನ ನಡುವೆ ಹಾಯಿಸಿ, ಇಂಗಿಸಿ, ಉಳಿದದ್ದನ್ನು ಮುಂದಕ್ಕೆ ಬಿಡುವುದು. ಸೈನೈಡ್ ವಿಧಾನ ಕೊಟ್ಟ ಆ ಸ್ಕಾಟ್ಲೆಂಡಿನಲ್ಲೇ 2005ರ ನಿಯಮಗಳ ನಂತರ ಹೊಸ ಬಡಾವಣೆಯ ಮಳೆನೀರನ್ನು ಇಂಥ ಏರ್ಪಾಡಿನ ಮೂಲಕ ಹಾಯಿಸದೆ ಹೊಳೆಗೆ ಬಿಡುವಂತಿಲ್ಲ. ಕೋಲಾರದವರಿಗೆ ಇದು ಹೊಸತಲ್ಲ. ಮೇಲಿನ ಕುಂಟೆಯಲ್ಲಿ ಹೂಳು ನಿಂತು, ಕೋಡಿ ಹರಿದು, ಪೋಷಕ ಕಾಲುವೆಯಲ್ಲಿ ಸಾಗಿ, ಕೆಳಗಿನ ಕೆರೆ ತುಂಬುವ ಸರಣಿ. ತೂಬು ಎಷ್ಟು ಎತ್ತಬೇಕೆಂದು ಬಲ್ಲ ನೀರುಗಂಟಿ. ಆದರೆ ಹಳೆಯದನ್ನು ಹಾಗೇ ತಂದಿಟ್ಟರೆ ಸಾಕೆಂದು ಹಾಡುವವರ ಸಾಲಿಗೆ ನಾನು ಸೇರುವುದಿಲ್ಲ. ಆ ಕೆರೆಗಳಿಗೆ ಬರುತ್ತಿದ್ದುದು ಮಣ್ಣು, ಎಲೆ, ಸಗಣಿ. ನೀರುಗಂಟಿಗೆ ಫಾಸ್ಫೇಟೂ ಗೊತ್ತಿರಲಿಲ್ಲ, ಎಂಜಿನ್ ಎಣ್ಣೆಯೂ ಗೊತ್ತಿರಲಿಲ್ಲ. ಜೊಂಡು ಸಾರಜನಕವನ್ನು ಹೀರೀತು, ಆರ್ಸೆನಿಕ್ಕನ್ನು ಮಾಯ ಮಾಡಲಾರದು.

ಅದಕ್ಕೇ ಈ ಊರಿನಲ್ಲಿ ಎರಡು ಬಗೆಯ ನೆಲವನ್ನು ಬೇರೆ ಮಾಡಬೇಕು. ಬಡಾವಣೆ, ಶಾಲೆ, ಬಸ್ ನಿಲ್ದಾಣಗಳಲ್ಲಿ ಮಳೆನೀರು ಇಂಗಲಿ. ರಸ್ತೆ ಬದಿಗೆ ಹುಲ್ಲುಹೊದಿಕೆಯ ಆಳವಿಲ್ಲದ ಕಾಲುವೆ, ಗ್ಯಾರೇಜು ಸಾಲಿನ ಕೆಳಗೆ ಎಣ್ಣೆ ತೇಲಿ ನಿಲ್ಲುವ ತೊಟ್ಟಿ, ಕೆರೆಯ ಬಾಯಲ್ಲಿ ಹೂಳುಗುಂಡಿ. ದಿಬ್ಬದ ಸುತ್ತ ಮಾತ್ರ ಇಂಗಿಸುವ ಮಾತೇ ಬೇಡ. ಅಲ್ಲಿ ಹೊರಗಿನ ನೀರು ದಿಬ್ಬಕ್ಕೆ ತಾಗದಂತೆ ಮೇಲುಗಡೆಯಲ್ಲಿ ಸುತ್ತುಗಾಲುವೆ, ದಿಬ್ಬದಿಂದ ಇಳಿದದ್ದು ಹೊರಹೋಗದಂತೆ ಬುಡದಲ್ಲಿ ತಡೆಗೋಡೆ, ತಳಕ್ಕೆ ಹಾಸು ಹಾಕಿದ ಕೊಳ, ಅದರ ನೀರಿನ ನಿಯತ ಪರೀಕ್ಷೆ ಬೇಕು. ಮಳೆನೀರು ಇಂಗಿಸಿ ಎಂಬ ಘೋಷಣೆಯನ್ನು ಎಲ್ಲ ಕಡೆ ಒಂದೇ ಸಮ ಬರೆದರೆ ಇಂಥಲ್ಲಿ ಅಪಾಯ. 2021ರ ನವೆಂಬರಿನಲ್ಲಿ ಪಾಲಾರ್ ತುಂಬಿ ಹರಿದಂಥ ಮಳೆ ಮತ್ತೆ ಬರುತ್ತದೆ. ಆ ಮಳೆಯ ಅಳತೆಗೆ ಈ ಕೊಳಗಳು ಇರಬೇಕು.

ಇದನ್ನೆಲ್ಲ ಯಾರು ಕಟ್ಟಿಸಬೇಕು ಎಂಬ ಪ್ರಶ್ನೆಗೆ ಈಗ ಅಪರೂಪದ ಅವಕಾಶ ಬಂದಿದೆ. ಈ 13 ದಿಬ್ಬಗಳನ್ನು ಹರಾಜು ಹಾಕಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು 23 ಟನ್ ಚಿನ್ನ ಸಿಗಬಹುದೆಂಬ ಅಂದಾಜು ಆಗ ಪತ್ರಿಕೆಗಳಲ್ಲಿ ಬಂತು. ಲೆಕ್ಕ ಹಾಕಿ: 3.3 ಕೋಟಿ ಟನ್ನಿನಿಂದ 23 ಟನ್ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ 3.3 ಕೋಟಿ ಟನ್ನೇ. ಅದು ಮತ್ತೆ ನೀರು ಬೆರೆತ ರಾಡಿಯಾಗಿರುತ್ತದೆ, ಹೊಸದಾಗಿ ರಾಸಾಯನಿಕ ಸೇರಿರುತ್ತದೆ. 1880ರಲ್ಲಿ ಕೇಳದ್ದನ್ನು, 2001ರಲ್ಲಿ ಕೇಳಲಾಗದ್ದನ್ನು ಈ ಸಲ ಹರಾಜಿನ ಷರತ್ತಿನಲ್ಲೇ ಬರೆಸಬಹುದು: ಉಳಿಕೆಯನ್ನು ಎಲ್ಲಿ, ಯಾವ ಹಾಸಿನ ಮೇಲೆ ಇಡುತ್ತೀರಿ, ಸುತ್ತುಗಾಲುವೆ ಯಾವ ವರ್ಷ ಮುಗಿಯುತ್ತದೆ, ಮೊದಲ ಗ್ರಾಂ ತೆಗೆಯುವ ಮುಂಚೆ ಎಷ್ಟು ಠೇವಣಿ, ಕಂಪನಿ ಕೈಬದಲಾದರೆ ಆ ಠೇವಣಿ ಯಾರ ಬಳಿ ಇರುತ್ತದೆ.

ಇವನ್ನು ಕೇಳುವ ಜಾಗ ಸಾರ್ವಜನಿಕ ಅಹವಾಲು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಅಹವಾಲಿಗೆ ಕನಿಷ್ಠ 30 ದಿನ ಮುಂಚೆ ನೋಟಿಸು ಬರಬೇಕು, ವರದಿಯ ಸಾರಾಂಶ ಜನರ ಕೈಗೆ ಸಿಗಬೇಕು. ಈ ಯೋಜನೆಗೆ ಯಾವುದೇ ವಿನಾಯಿತಿ ಇಲ್ಲದೆ ಅಹವಾಲು ನಡೆಯಲಿ ಎಂದು ಈಗಲೇ ಬರೆದು ಕೇಳುವುದು ಒಳ್ಳೆಯದು. ಸಾರಾಂಶ ಕನ್ನಡದಲ್ಲಿ ಇರಲಿ. ಜೊತೆಗೆ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಲೈನುಗಳ ಬಹುಪಾಲು ಮನೆಯವರು ಓದುವ ತಮಿಳಿನಲ್ಲೂ ಇರಲಿ ಎಂದು ಕನ್ನಡಿಗರಾದ ನಾವೇ ಕೇಳೋಣ. ಆ 30 ದಿನಗಳಲ್ಲಿ ವರದಿಯ ನೀರಿನ ಅಧ್ಯಾಯವನ್ನು ಓದಿ, ನಕಾಶೆಯಲ್ಲಿ ಯಾವ ಕಾಲುವೆಯನ್ನು ಬಿಟ್ಟಿದ್ದಾರೆಂದು ಗುರುತು ಹಾಕುವ ಕೆಲಸಕ್ಕೆ ಈ ಸಭಾಂಗಣದಲ್ಲಿ ಬೇಕಾದಷ್ಟು ಜನ ಇದ್ದೀರಿ: ಎಂಜಿನಿಯರಿಂಗ್ ಓದುವವರು ಹಿಂದಿನ ಸಾಲಿನಲ್ಲಿ, ಆ ಕಾಲುವೆಗಳನ್ನು ನಡೆದು ಬಲ್ಲ ಗಣಿಯ ಹಿರಿಯರು ಮುಂದಿನ ಸಾಲಿನಲ್ಲಿ. ನೀವು ಒಂದೇ ಮೇಜಿಗೆ ಕೂತರೆ ನನ್ನಂಥವರ ಉಪನ್ಯಾಸ ಬೇಕಾಗುವುದಿಲ್ಲ.